ಅಬ್ಸಲೋನ್ ಏರ್‌ಪೋರ್ಟ್ ಸರಿಸಿದ್ದು

ಕೆಲಸ ಮುಗಿಸಿ ಬಾಯಿ ಮುಚ್ಚಿಕೊಂಡು ಕೂರುವುದು ಮನುಷ್ಯನಿಗೆ ಬಂದಿದ್ದರೆ ಈ ಲೋಕದ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ. ಅಬ್ಸಲೋನ್ ಮೆಲ್ಗಾರನಿಗೆ ಕೆಲಸ ಬರುತ್ತಿತ್ತು. ಬಾಯಿ ಮುಚ್ಚುವುದು ಬರುತ್ತಿರಲಿಲ್ಲ.

ಬೊಲಿವಿಯಾದ ಬೆನಿ ಬಯಲಿನ ಸಾನ್ ಬೊರೊಮೆಯೊ ಊರಿನಲ್ಲಿ ಅವನದು ಫ್ರಿಜ್ಜು ರಿಪೇರಿ. ಕೈ ಒಳ್ಳೆಯದೇ. ಅವನು ಮುಟ್ಟಿದ ಫ್ರಿಜ್ಜು ಓಡುತ್ತಿತ್ತು. ಆದರೆ ಬಿಚ್ಚಿದ್ದನ್ನೆಲ್ಲ ಜೋಡಿಸಿದ ಮೇಲೆ ಪ್ರತಿಸಲವೂ ಕೈಯಲ್ಲಿ ಒಂದು ಸ್ಕ್ರೂ ಉಳಿದುಬಿಡುತ್ತಿತ್ತು. ಅದನ್ನವನು ಸದ್ದಿಲ್ಲದೆ ಒಂದು ಕಾಫಿ ಡಬ್ಬಿಗೆ ಹಾಕುತ್ತಿದ್ದ. ಊರಿನ ಅಷ್ಟೂ ಫ್ರಿಜ್ಜುಗಳದು ಒಂದೊಂದು ಸ್ಕ್ರೂ ಆ ಡಬ್ಬಿಯಲ್ಲಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಮಾತ್ರ ಊರಿಗೆ ಗೊತ್ತಿದೆ ಎಂಬುದು ಗೊತ್ತಿರಲಿಲ್ಲ.

ಅವನ ಇನ್ನೊಂದು ಕೆಲಸ ಯಾರಿಗೂ ಅರ್ಥವಾಗದ್ದು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಒಂದು ಆಟವಿದೆ, ಯಾರಿಗೂ ಕಾಸು ಕೇಳದ ಆಟ. ಲೋಕದ ವಿಮಾನ ನಿಲ್ದಾಣಗಳೆಲ್ಲ ಅದರಲ್ಲಿವೆ. ಅವನ್ನು ಅಳೆದು, ಬರೆದು, ತಿದ್ದಿ ಇಡುವವರು ಯಾವ ಕಂಪನಿಯವರೂ ಅಲ್ಲ; ಅಲ್ಲೊಬ್ಬ ಇಲ್ಲೊಬ್ಬ, ಸಂಬಳವಿಲ್ಲದೆ ದುಡಿದು ಮನೆಯಲ್ಲಿ ಬೈಸಿಕೊಳ್ಳುವ ಜನ. ನಮ್ಮೂರಿನ ನಿಲ್ದಾಣ ಅಬ್ಸಲೋನನ ಪಾಲಿಗೆ ಬಂದಿತ್ತು. ಅವನು ಬರೆದು ಕಳಿಸಿದ್ದನ್ನು ಫಿನ್ಲೆಂಡಿನಲ್ಲಿ ಐನೊ ಎಂಬ ಹೆಂಗಸು ನೋಡಿ, ಸರಿಯಿದ್ದರೆ ಒಪ್ಪುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ನಿಲ್ದಾಣ ಎಂದರೆ ದೊಡ್ಡದಾಗಿ ಊಹಿಸಬೇಡಿ. ತೆಂಕಣದಿಂದ ಬಡಗಣಕ್ಕೆ ಮಲಗಿದ ಒಂದು ಹುಲ್ಲುಪಟ್ಟೆ. ಪೂರ್ವಕ್ಕೆ ಅಬ್ಸಲೋನನ ಹಿತ್ತಿಲು. ಪಶ್ಚಿಮಕ್ಕೆ ದೋನ್ಯಾ ಪೆಟ್ರೊನಾಳ ದನದ ಕಾವಲು. ಪಟ್ಟೆಯ ನಟ್ಟನಡುವೆ, ಅಳತೆ ಹಾಕಿ ಇಟ್ಟ ಹಾಗೆ, ದೋನ್ಯಾ ಪೆಟ್ರೊನಾಳ ಬಿಳಿ ಹಸು ಪಲೋಮಾ. ಬೇಲಿಯನ್ನು ಅದು ಯಾವ ಸಂದಿನಲ್ಲಿ ದಾಟುತ್ತಿತ್ತೋ ದೇವರೇ ಬಲ್ಲ, ಬಿಸಿಲೇರುವ ಹೊತ್ತಿಗೆ ಅಲ್ಲಿ ಮಲಗಿರುತ್ತಿತ್ತು. ಮುದುಕ ಕ್ಯಾಪ್ಟನ್ ಅನ್ಸೆಲ್ಮೊ ಇಪ್ಪತ್ತಾರು ವರ್ಷ ನಮ್ಮೂರಿಗೆ ವಿಮಾನ ತಂದ. ಪ್ರತಿಸಲವೂ ಎರಡು ಸುತ್ತು. ಮೊದಲನೆಯದು ತಲೆಯ ಮೇಲೆಯೇ ಹಾದು ಪಲೋಮಾಳನ್ನು ಎಬ್ಬಿಸಲು, ಎರಡನೆಯದು ಇಳಿಯಲು. ಪಲೋಮಾಳಿಗಿಂತ ಮುಂಚೆ ಅವಳ ತಾಯಿ ಅಲ್ಲೇ ಮಲಗುತ್ತಿದ್ದಳು.

ಆ ಅನ್ಸೆಲ್ಮೊ ಕಣ್ಣು ಮಂಜಾಗಿ ಕೆಲಸ ಬಿಟ್ಟ. ವಿಮಾನದ ಕಂಪನಿ ಮೇಯರ್‌ಗೆ ಹೇಳಿ ಕಳಿಸಿತು: ಶುಕ್ರವಾರ ಹನ್ನೊಂದಕ್ಕೆ ಹೊಸ ಪೈಲಟ್ ಬರುತ್ತಾರೆ. ಈ ಪಟ್ಟೆಯಲ್ಲಿ ಇಳಿಯಲು ಆಗುತ್ತದೆ ಎಂದರೆ ಸರಿ, ಇಲ್ಲವಾದರೆ ಸಾನ್ ಬೊರೊಮೆಯೊಗೆ ಇನ್ನು ವಿಮಾನವಿಲ್ಲ. ಮಳೆ ಶುರುವಾದರೆ ನಮ್ಮ ರಸ್ತೆ ಐದು ತಿಂಗಳು ನೀರಿನಡಿ ಇರುತ್ತದೆ. ಹೊಟ್ಟೆನೋವೋ ಹಾವಿನ ಕಡಿತವೋ ಬಂದರೆ ಆಸ್ಪತ್ರೆಗೆ ದೋಣಿಯಲ್ಲಿ ಮೂರು ದಿನ. ಮೂರು ದಿನ ಕಾಯುವ ಹಾವು ನಮ್ಮ ಕಡೆ ಇಲ್ಲ.

ಇಂಥ ವಾರದಲ್ಲಿಯೇ ಅಬ್ಸಲೋನನಿಗೆ ಒಂದು ಸತ್ಯ ಹೊಳೆಯಿತು. ಆಟದಲ್ಲಿ ಮೂರು ವರ್ಷದಿಂದ ತಾನು ವಿಮಾನ ಇಳಿಸುತ್ತಿದ್ದದ್ದು ಪಟ್ಟೆಯ ಮೇಲಲ್ಲ, ತನ್ನ ಹಿತ್ತಿಲ ಕಕ್ಕಸಿನ ಮೇಲೆ. ಮೊದಲು ಬರೆದ ಪುಣ್ಯಾತ್ಮ ಯಾರೋ ಆಕಾಶದಿಂದ ತೆಗೆದ ಹಳೇ ಫೋಟೊ ನೋಡಿ ಪಟ್ಟೆಯನ್ನು ಒಂದಿಷ್ಟು ಪೂರ್ವಕ್ಕೆ ಬರೆದುಬಿಟ್ಟಿದ್ದ. ಅಬ್ಸಲೋನ್ ಎರಡು ದಿನ ಬಿಸಿಲಲ್ಲಿ ಅಳೆದ.

ಹೆಂಡತಿ ಎರ್ಲಿಂದಾ ಒಲೆಯಿಂದ ಕುನ್ಯಪೆ ತೆಗೆಯುತ್ತಿದ್ದಳು. ಅದು ಮರಗೆಣಸಿನ ಹಿಟ್ಟು, ಚೀಸು ಕಲಸಿ ಬೇಯಿಸಿದ ಉಂಡೆ. ಅವಳ ಕೈಯದು ಊರಿಗೇ ಹೆಸರು. ಹೊರಗೆ ನೋಡಿದರೆ ಬಟ್ಟೆಗಳೆಲ್ಲ ಬಾಳೆಗಿಡಗಳ ಮೇಲೆ.

"ಏ ಮುದುಕಾ! ನನ್ನ ಬಟ್ಟೆ ಹಗ್ಗ ಎಲ್ಲಿ?"

"ಅಳೆಯೋಕೆ ಬೇಕಿತ್ತು ಕಣೇ. ನಲವತ್ತು ಮೀಟರ್! ಸರಿಯಾಗಿ ನಲವತ್ತು ಮೀಟರ್ ತಪ್ಪು!"

"ನನ್ನ ಲಂಗ ಬಾಳೆ ಕರೆ ಹತ್ತಿ ಹಾಳಾಯ್ತು. ಅದು ಎಷ್ಟು ಮೀಟರ್ ತಪ್ಪು?"

"ಲೋಕದ ಜನ ಎಲ್ಲ ನಮ್ಮ ಕಕ್ಕಸಿನ ಮೇಲೆ ಇಳೀತಿದಾರೆ ಎರ್ಲಿಂದಾ. ಜಪಾನಿನವರು ಸಹ."

"ಇಳೀಲಿ ಬಿಡು. ಬಂದವರು ಅದರ ಬಾಗಿಲಿಗೆ ಒಂದು ಚಿಲಕ ಹಾಕಿ ಹೋಗ್ಲಿ. ನೀನಂತೂ ಹಾಕ್ಲಿಲ್ಲ."

ಅಬ್ಸಲೋನ್ ತಿದ್ದಿದ. ಪಟ್ಟೆಯನ್ನು ನಲವತ್ತು ಮೀಟರ್ ಪಶ್ಚಿಮಕ್ಕೆ ತಂದು ಅದರ ನಿಜವಾದ ಜಾಗದಲ್ಲಿ ಕೂರಿಸಿದ. ಸುಮ್ಮನಿರಲಾರದೆ ನದಿಯ ತಿರುವು, ಇಟ್ಟಿಗೆಗೂಡಿನ ನೀಲಿ ತಗಡು, ಒಂಟಿ ತಾಳೆಮರ, ಎರ್ಲಿಂದಾಳ ಕೆಂಪು ಕಂಬಳಿ ತೂಗಿದ ಹಗ್ಗ, ಕೊನೆಗೆ ನಡುವೆ ಮಲಗಿದ ಪಲೋಮಾಳನ್ನೂ ಬರೆದ. ಸೋಮವಾರ ಬೆಳಿಗ್ಗೆ ಐನೊಳ ಉತ್ತರ ಬಂತು: "ಒಪ್ಪಿದ್ದೇನೆ. ಬಹಳ ಚೆನ್ನಾಗಿದೆ. ವಂದನೆ."

ಮೂರೇ ಮೂರು ಮಾತು. ಆದರೆ ಅಬ್ಸಲೋನನಿಗೆ ಆ ವರ್ಷ ಯಾರೂ ಅಷ್ಟು ಒಳ್ಳೆ ಮಾತಾಡಿರಲಿಲ್ಲ. ತಲೆಗೇರಿತು. ಊರಿಗೆ ತಿಳಿಯಬೇಡವೇ?

ನಮ್ಮೂರಲ್ಲಿ ಸುದ್ದಿ ಎಂದರೆ ಚೌಕದ ಕಂಬಕ್ಕೆ ಕಟ್ಟಿದ ಮೈಕು. ಸಾವು, ಮದುವೆ, ಕಳೆದ ಕೋಳಿ, ಕಡಿದ ಹಂದಿ ಎಲ್ಲವನ್ನೂ ಟೊರಿಬಿಯೊ ಓದುತ್ತಾನೆ. ಅವನು ಅಬ್ಸಲೋನನ ಮಗಳ ದೀಕ್ಷಾಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾ. ಚೀಟಿಯಲ್ಲಿ ಏನಿದೆಯೋ ಅದನ್ನು ಓದುವುದು ಟೊರಿಬಿಯೊನ ಧರ್ಮ, ಅರ್ಥ ಮಾಡಿಕೊಳ್ಳುವುದು ಅವನ ಕೆಲಸವಲ್ಲ. ಅಬ್ಸಲೋನ್ ಚೀಟಿ ಬರೆಯಲು ಕುಳಿತ. ಮೊದಲು "ಕಂಪ್ಯೂಟರ್ ಆಟದಲ್ಲಿ" ಎಂದು ಬರೆದಿದ್ದ. ಆಟ ಎಂದರೆ ಜನ ನಗುತ್ತಾರೆ ಅನ್ನಿಸಿತು. ಹೊಡೆದು ಹಾಕಿದ. ಬರೆಯುವಾಗಲೂ ಅವನು ಒಂದು ಸ್ಕ್ರೂ ಹೊರಗೆ ಬಿಟ್ಟ ನೋಡಿ.

ಮೈಕು ಕೆಮ್ಮಿತು. ಸುದ್ದಿಗೆ ಮುಂಚೆ ಹಾಕುವ ಟೇಪಿನ ಸಿಪಾಯಿಗಳ ಬ್ಯಾಂಡು ಬಾರಿಸಿತು. ಟೊರಿಬಿಯೊ ಓದಿದ:

"ಮಾನ್ಯ ಸಾರ್ವಜನಿಕರ ಗಮನಕ್ಕೆ. ಸಾನ್ ಬೊರೊಮೆಯೊ ವಿಮಾನ ನಿಲ್ದಾಣವನ್ನು ಇಂದಿನಿಂದ ಜಾರಿಗೆ ಬರುವಂತೆ ನಲವತ್ತು ಮೀಟರ್ ಪಶ್ಚಿಮಕ್ಕೆ ಸರಿಸಲಾಗಿದೆ. ಹಿಂದಿನವರ ತಪ್ಪನ್ನು ತಿದ್ದಲಾಗಿದೆ. ಇದಕ್ಕೆ ಫಿನ್ಲೆಂಡಿನ ಒಪ್ಪಿಗೆ ದೊರೆತಿದೆ. ಇಂತಿ, ಅಬ್ಸಲೋನ್ ಮೆಲ್ಗಾರ್, ನಿಲ್ದಾಣದ ನಿರ್ವಾಹಕ. ಮುಂದಿನ ಸುದ್ದಿ: ವಿಧವೆ ಸಬೀನಾಳ ಬಾತುಕೋಳಿ ಸಿಕ್ಕಿದೆ."

ಮೂರು ಸಲ ಓದಿದ. ಬಾತುಕೋಳಿಯ ಮಾತು ಯಾರಿಗೂ ಕೇಳಿಸಲಿಲ್ಲ.

ಹತ್ತು ನಿಮಿಷದಲ್ಲಿ ದೋನ್ಯಾ ಪೆಟ್ರೊನಾಳ ಮೋಟರ್‌ಸೈಕಲ್ ಅಬ್ಸಲೋನನ ಜಗುಲಿಯವರೆಗೂ ಬಂತು. ಅಷ್ಟು ಹತ್ತಿರ ತರುವ ಅಗತ್ಯವಿರಲಿಲ್ಲ. ಅವಳಿಗೆ ಅರವತ್ತೆಂಟು ವರ್ಷ, ಮುನ್ನೂರು ದನ, ಒಂದು ನಾಲಗೆ. ದನಗಳಿಗಿಂತ ಜನ ಹೆದರುತ್ತಿದ್ದದ್ದು ನಾಲಗೆಗೆ.

"ಬಾರೋ ಈಚೆಗೆ, ಏರ್‌ಪೋರ್ಟ್ ಸಾಹುಕಾರ! ನಲವತ್ತು ಮೀಟರ್ ಪಶ್ಚಿಮಕ್ಕೆ ಅಂದ್ರೆ ನನ್ನ ದನ ನೀರು ಕುಡಿಯೋ ಹೊಂಡ. ಯಾರನ್ನ ಕೇಳಿ ಸರಿಸಿದೆ?"

"ದೋನ್ಯಾ ಪೆಟ್ರೊನಾ, ನಿಮ್ಮ ಹೊಂಡಕ್ಕೆ ಏನೂ ಆಗಲ್ಲ. ಮೊದಲು ತಪ್ಪು ಜಾಗದಲ್ಲಿತ್ತು, ಈಗ..."

"ತಪ್ಪು ಜಾಗ? ನಮ್ಮಪ್ಪ ಎತ್ತು ಕಟ್ಟಿ ಸಮ ಮಾಡಿದ ಪಟ್ಟೆ ಅದು! ನಿಂಗೆ ಒಂದು ಸ್ಕ್ರೂ ಜಾಗಕ್ಕೆ ಕೂರಿಸೋಕೆ ಬರಲ್ಲ, ನಮ್ಮಪ್ಪನ ಪಟ್ಟೆ ಜಾಗ ತಪ್ಪು ಅಂತೀಯಾ?"

"ಯಾವ ಸ್ಕ್ರೂ?" ಎಂದ ಅಬ್ಸಲೋನ್, ಬೆವರುತ್ತ.

"ನನ್ನ ಫ್ರಿಜ್ಜಿನ ಬಾಗಿಲು ಕೈಯಲ್ಲಿ ಹಿಡ್ಕೊಂಡು ಹಾಲು ತೆಗೀತಿದೀನಲ್ಲ, ಆ ಸ್ಕ್ರೂ!"

"ಅದು ಕಂಪ್ಯೂಟರ್‌ನಲ್ಲಿ ಸರಿಸಿದ್ದು ದೋನ್ಯಾ. ಬರೀ ಕಂಪ್ಯೂಟರ್‌ನಲ್ಲಿ!"

ಇದು ನಿಜ. ಆದರೆ ಹೇಳಬಾರದಿತ್ತು. ಹಿಂದಿನ ವರ್ಷ ಅವಳ ಮೂವತ್ತು ಹೆಕ್ಟೇರು ಜಮೀನು ಸರ್ವೆ ಕಚೇರಿಯ ಕಂಪ್ಯೂಟರಿನಲ್ಲಿ ಬೇರೆಯವರ ಹೆಸರಿಗೆ ಹೋಗಿತ್ತು. ಬಿಡಿಸಿಕೊಳ್ಳಲು ಎಂಟು ತಿಂಗಳು ಅಲೆದಿದ್ದಳು.

"ಆವಾಗ್ಲೂ ಹೀಗೇ ಅಂದ್ರು, ಬರೀ ಕಂಪ್ಯೂಟರ್‌ನಲ್ಲಿ ಅಂತ!" ಎಂದು ಅವಳು ಜಗುಲಿಯ ಕಂಬ ನಡುಗುವ ಹಾಗೆ ಕೂಗಿ ಗಾಡಿ ತಿರುಗಿಸಿದಳು. "ನೋಡ್ತಿರು. ನಿನ್ನ ಏರ್‌ಪೋರ್ಟ್ ನನ್ನ ಕಡೆ ನಲವತ್ತು ಮೀಟರ್ ಬಂದ್ರೆ, ನನ್ನ ಬೇಲಿ ಆ ಕಡೆ ನಲವತ್ತು ಮೀಟರ್ ಹೋಗತ್ತೆ!"

ಅವಳು ಹೋದ ಧೂಳು ಇಳಿಯುವ ಮೊದಲೇ ಮೇಯರ್ ವೆನಾನ್ಸಿಯೊ ಬಂದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿದ್ದ. ಅವನು ಆ ಗುಂಡಿ ಹಾಕುವುದು ರಾಷ್ಟ್ರೀಯ ದಿನಕ್ಕೆ ಮತ್ತು ಯಾರಿಂದಲಾದರೂ ಏನಾದರೂ ಸಿಗುವ ಹಾಗಿದ್ದಾಗ.

"ದೋನ್ ಅಬ್ಸಲೋನ್," ಎಂದ. ಅಲ್ಲಿಯವರೆಗೆ ಎಂದೂ ಗೌರವಕ್ಕೆ 'ದೋನ್' ಅಂದವನಲ್ಲ. "ಫಿನ್ಲೆಂಡಿನವರು ಒಪ್ಪಿದಾರೆ ಅಂತ ಕೇಳ್ದೆ. ಎಷ್ಟು ಜನ ಇದಾರೆ ಅವರು?"

"ಒಬ್ಬರೇ. ಹೆಂಗಸು. ಮೊದಲು ಪೋಸ್ಟಾಫೀಸಲ್ಲಿದ್ರಂತೆ, ಈಗ ರಿಟೈರು."

"ಅಂದ್ರೆ ಮಂತ್ರಿ ದರ್ಜೆ," ಎಂದು ಮೇಯರ್ ತಲೆಯಾಡಿಸಿದ. "ಟಾರು ಹಾಕಿಸ್ತಾರೋ, ಸಿಮೆಂಟೋ?"

"ಏನೂ ಹಾಕ್ಸಲ್ಲ ಮೇಯರ್ರೇ. ಅವರು ಬರೀ ವಂದನೆ ಅಂದ್ರು."

"ವಂದನೆ ಅಂದ್ರಾ? ಬರವಣಿಗೇಲಿ? ಹಾಗಾದ್ರೆ ಖಂಡಿತ." ಮೇಯರ್ ಎದ್ದು ಕೈ ಕುಲುಕಿದ. "ನೀವು ಸುಮ್ನಿರಿ. ಹೊರಗೆ ಬಿಟ್ಟುಕೊಡಬೇಡಿ. ನಾನು ಸಮಿತಿ ಮಾಡ್ತೀನಿ."

ಸಂಜೆಗೆ ಸಮಿತಿ ಆಯಿತು. ಅಧ್ಯಕ್ಷ ಮೇಯರ್, ಕಾರ್ಯದರ್ಶಿ ಮೇಯರನ ಭಾವಮೈದ, ಸದಸ್ಯರು ಮಿಕ್ಕ ಭಾವಮೈದಂದಿರು. ಅಬ್ಸಲೋನನನ್ನು ಕರೆಯಲಿಲ್ಲ. ನಿಲ್ದಾಣದ ವಿಷಯ ತಿಳಿದವನನ್ನು ನಿಲ್ದಾಣದ ಸಮಿತಿಗೆ ಕರೆಯುವ ಊರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ, ನಮ್ಮೂರನ್ನು ಮಾತ್ರ ಏಕೆ ಬೈಯಬೇಕು.

ಮಂಗಳವಾರ ಜನ ಲೆಕ್ಕ ಹಾಕಿದರು. ನಿಲ್ದಾಣ ಪಶ್ಚಿಮಕ್ಕೆ ಹೋಗಿದೆ ಎಂದರೆ ಅದು ಇದ್ದ ಜಾಗ ಖಾಲಿ ಆಯಿತು. ಖಾಲಿ ಜಾಗ ನೋಡಿಕೊಂಡು ಸುಮ್ಮನಿರುವುದು ಯಾವ ಸೀಮೆಯ ನ್ಯಾಯ? ಬುಧವಾರ ಬೆಳಿಗ್ಗೆ ಹನ್ನೊಂದು ಮನೆಯವರು ಪಟ್ಟೆಯ ಮೇಲೆ ಗೂಟ ಹೊಡೆದು ದಾರ ಕಟ್ಟಿ ನಿವೇಶನ ಮಾಡಿಕೊಂಡರು. ವಿಧವೆ ಸಬೀನಾ ಬಾತುಕೋಳಿ ಸಮೇತ ಬಂದು ಕುಳಿತಳು. ತೆಂಕಣ ತುದಿಯಲ್ಲಿ ಫುಟ್‌ಬಾಲ್ ಸಂಘದವರು ಎರಡು ಗೋಲುಕಂಬ ನೆಟ್ಟರು. ಗುರುವಾರ ದೋನ್ಯಾ ಪೆಟ್ರೊನಾ ಹೇಳಿದ ಮಾತಿನಂತೆ ಕೂಲಿಯಾಳುಗಳನ್ನು ಕರೆತಂದು ಪಟ್ಟೆಗೆ ಅಡ್ಡಲಾಗಿ ಮುಳ್ಳುತಂತಿ ಬೇಲಿ ಎಳೆಸಲು ಶುರು ಮಾಡಿದಳು.

ಅಬ್ಸಲೋನ್ ಗೂಟದಿಂದ ಗೂಟಕ್ಕೆ ಓಡಿದ. "ಏರ್‌ಪೋರ್ಟ್ ಎಲ್ಲೂ ಹೋಗಿಲ್ಲ! ಇದೇ ಏರ್‌ಪೋರ್ಟು! ನಾಳೆ ವಿಮಾನ ಇಲ್ಲೇ ಇಳಿಬೇಕು!"

"ನೀನೇ ಸರಿಸಿ ನೀನೇ ಸರಿಸಿಲ್ಲ ಅಂತೀಯಲ್ಲೋ," ಎಂದು ಅವರು ನಕ್ಕರು. "ಯಾಕೆ, ನಿಂಗೆ ನಿವೇಶನ ಸಿಗ್ಲಿಲ್ವಾ? ಆ ಬಾತುಕೋಳಿ ಪಕ್ಕ ಸ್ವಲ್ಪ ಜಾಗ ಇದೆ ನೋಡು."

ಮೇಯರ್‌ಗೆ ಆಗಲೇ ಬೆವರು ಇಳಿಯತೊಡಗಿತ್ತು. ಫಿನ್ಲೆಂಡಿನಿಂದ ಯಾರೂ ಬಂದಿರಲಿಲ್ಲ. ಮೇಲಿನ ಗುಂಡಿ ಬಿಚ್ಚಿ, 'ದೋನ್' ಕೂಡ ಬಿಚ್ಚಿಟ್ಟು ಬಂದ.

"ಅಬ್ಸಲೋನ್, ಹೊಸ ರನ್‌ವೇ ಎಲ್ಲಿ ಮಾರಾಯ? ಹೊಂಡ ಇನ್ನೂ ಹೊಂಡವೇ ಆಗಿದೆ."

"ಹೊಸದು ಇಲ್ಲ ಅಂತ ಸೋಮವಾರದಿಂದ ಬಡ್ಕೋತಿದೀನಿ!"

"ನೋಡು. ನಾಳೆ ಹನ್ನೊಂದಕ್ಕೆ ವಿಮಾನ ಇಳೀಲಿಲ್ಲ ಅಂದ್ರೆ ಆ ಕಂಪ್ಯೂಟರ್ ನದಿಗೆ. ಹಿಂದೆನೇ ನೀನು."

ಶುಕ್ರವಾರ ಬೆಳಗಾಯಿತು ಎಂದು ಕೋಳಿ ಹೇಳಿತು, ಸೂರ್ಯ ಹೇಳಲಿಲ್ಲ. ಅದು ಕಾವಲು ಸುಡುವ ಕಾಲ. ಹೊಸ ಹುಲ್ಲು ಬರಲೆಂದು ಸುತ್ತ ಎಲ್ಲ ಕಡೆ ಬೆಂಕಿ ಇಡುತ್ತಾರೆ. ಆ ದಿನ ಹೊಗೆ ಇಡೀ ಬಯಲಿನ ಮೇಲೆ ಕಂಬಳಿಯಂತೆ ಬಿದ್ದಿತ್ತು. ಎಂಟೂವರೆಗೆ ದೋನ್ಯಾ ಪೆಟ್ರೊನಾ ಆಳುಗಳಿಗೆ ಬೈಯುತ್ತ, ಬೈಯುವ ಭರದಲ್ಲಿ ಹಿಂದೆ ಹಿಂದೆ ನಡೆಯುತ್ತ, ಬೇಲಿ ಕಂಬಕ್ಕೆ ತಾನೇ ತೋಡಿಸಿದ ಗುಂಡಿಗೆ ಕಾಲಿಟ್ಟಳು. ತೊಡೆಯ ಮೂಳೆ ಮುರಿದ ಸದ್ದು ಫುಟ್‌ಬಾಲ್ ಕಂಬದ ತನಕ ಕೇಳಿಸಿತಂತೆ. ಅದಕ್ಕಿಂತ ದೂರ ಕೇಳಿಸಿದ್ದು ಅವಳ ಬೈಗುಳ.

ಆರೋಗ್ಯ ಕೇಂದ್ರದ ನರ್ಸ್ ನೋಡಿ, ಮುಖ ಸಣ್ಣದು ಮಾಡಿ, ಮೇಯರನ್ನು ಪಕ್ಕಕ್ಕೆ ಕರೆದಳು. ಒಳಗೆ ರಕ್ತ ಸೋರುತ್ತಿದೆ. ಇವತ್ತೇ ನಮ್ಮ ಬೆನಿಯ ತ್ರಿನಿದಾದ್ ನಗರದ ಆಸ್ಪತ್ರೆಗೆ ಸೇರಬೇಕು. ರಸ್ತೆಯ ಕುಲುಕಾಟ ಈ ಮೂಳೆ ತಡೆಯದು, ದೋಣಿಯ ಮಾತು ಎತ್ತಬೇಡಿ.

ಮೇಯರ್ ರೇಡಿಯೊ ಹಿಡಿದ. ಕಂಪನಿಯವರು ಕೇಳಿದರು: ವಿಮಾನ ಹೊರಟಿದೆ, ರನ್‌ವೇ ಸಿದ್ಧ ಇದೆಯಾ? ಮೇಯರ್ ಕಿಟಕಿಯಿಂದ ನೋಡಿದ. ಗೂಟ, ದಾರ, ಬೇಲಿ, ಗೋಲುಕಂಬ, ಬಾತುಕೋಳಿ.

"ರನ್‌ವೇ ಸಿದ್ಧ ಇದೆ," ಎಂದ. "ಅದು ಎಲ್ಲಿದೆ ಅನ್ನೋದನ್ನ ಸ್ವಲ್ಪ ಹೊತ್ತಲ್ಲಿ ತಿಳಿಸ್ತೀವಿ."

ಅಬ್ಸಲೋನ್ ಚೌಕಕ್ಕೆ ಓಡಿದ. ಟೊರಿಬಿಯೊನ ಕೈಯಿಂದ ಮೈಕು ಕಿತ್ತುಕೊಂಡು ಕೂಗಿದ: "ಎಲ್ರೂ ಕೇಳಿ! ಏರ್‌ಪೋರ್ಟ್ ಸರಿದಿಲ್ಲ! ಎಂದೂ ಸರಿದಿರಲಿಲ್ಲ! ಅದು ಕಂಪ್ಯೂಟರ್ ಆಟ! ನಾನು ಆಟದಲ್ಲಿ ತಿದ್ದಿದ್ದು! ದೇವರಾಣೆ, ಗೂಟ ಕೀಳಿ!"

ಊರು ಕೇಳಿತು. ಊರು ಯೋಚಿಸಿತು. ಒಬ್ಬರೂ ಒಂದು ಗೂಟ ಕೀಳಲಿಲ್ಲ.

"ಪಾಪ, ಮೇಯರ್ ಹೆದರಿಸಿದಾನೆ, ಅದಕ್ಕೆ ಹೀಗಂತಾನೆ," ಎಂದಳು ಸಬೀನಾ. "ಬ್ಯಾಂಡು ಕೂಡ ಬಾರಿಸ್ಲಿಲ್ಲ. ಇದು ಸರ್ಕಾರಿ ಸುದ್ದಿ ಅಲ್ಲ," ಎಂದ ಇನ್ನೊಬ್ಬ. ಹನ್ನೊಂದು ಮನೆಯವರು ತಂತಮ್ಮ ದಾರ ಇನ್ನೂ ಸ್ವಲ್ಪ ಬಿಗಿ ಮಾಡಿಕೊಂಡರು.

ಅಬ್ಸಲೋನ್ ಮೈಕಿನ ಕಂಬಕ್ಕೆ ಒರಗಿ ಕುಸಿದ. ಎರ್ಲಿಂದಾ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ನಿಜ ಹೇಳಿದೆ ಎರ್ಲಿಂದಾ. ಪೂರ್ತಿ ನಿಜ. ಯಾರೂ ನಂಬ್ಲಿಲ್ಲ."

"ಅಯ್ಯೋ ಪೆದ್ದೇ. ನಿಜಾನ ಹಾಗೆ ಬೆತ್ತಲೆ ಕಳಿಸಿದ್ರೆ ಯಾರು ಬಾಗಿಲು ತೆಗೀತಾರೆ? ಕಾಗದ ತಗೋ. ಬರಿ."

"ಏನಂತ?"

"ಹೇಗೆ ಕಳಿಸಿದ್ಯೋ ಹಾಗೇ ವಾಪಸ್ ಕರಿ!"

ಬ್ಯಾಂಡು ಬಾರಿಸಿತು. ಈ ಸಲ ಎರಡು ಸಲ ಬಾರಿಸಿತು. ಟೊರಿಬಿಯೊ ಗಂಟಲು ಸರಿಮಾಡಿಕೊಂಡು ಓದಿದ:

"ಮಾನ್ಯ ಸಾರ್ವಜನಿಕರ ಗಮನಕ್ಕೆ. ವಿಮಾನ ನಿಲ್ದಾಣವನ್ನು ಈ ಕ್ಷಣದಿಂದ ಜಾರಿಗೆ ಬರುವಂತೆ ನಲವತ್ತು ಮೀಟರ್ ಪೂರ್ವಕ್ಕೆ, ಅಂದರೆ ಮೊದಲಿನ ಜಾಗಕ್ಕೇ, ವಾಪಸ್ ತರಲಾಗಿದೆ. ಹತ್ತೂವರೆಯ ಮೇಲೆ ಅಲ್ಲಿ ಕಂಡುಬರುವ ಗೂಟ, ಕಂಬ, ಬೇಲಿ ಹಾಗೂ ಬಾತುಕೋಳಿಗಳಿಗೆ ನಿಲ್ದಾಣ ಹೊಣೆಯಲ್ಲ. ಇದಕ್ಕೂ ಫಿನ್ಲೆಂಡಿನ ಒಪ್ಪಿಗೆ ಇದೆ."

"ಛೆ! ವಾಪಸ್ ತಂದುಬಿಟ್ರಲ್ಲಪ್ಪ," ಎಂದು ಊರು ನಿಟ್ಟುಸಿರು ಬಿಟ್ಟಿತು. ಹಾಗೆ ನಿಟ್ಟುಸಿರು ಬಿಡುತ್ತಲೇ ಕೆಲಸಕ್ಕೆ ಬಿತ್ತು. ಬೈಯುವುದಾದರೆ ಬೈಯಬೇಕು, ಹೊಗಳುವುದಾದರೆ ಹೊಗಳಬೇಕು: ಆ ಒಂದು ಗಂಟೆ ನಮ್ಮೂರು ದುಡಿದ ಹಾಗೆ ಯಾವ ಊರೂ ದುಡಿದಿಲ್ಲ. ಹೆಂಗಸರು ಗೂಟ ಕಿತ್ತರು. ಫುಟ್‌ಬಾಲಿನವರು ಗೋಲುಕಂಬ ಹೊತ್ತು ಓಡಿದರು. ದೋನ್ಯಾ ಪೆಟ್ರೊನಾಳ ಆಳುಗಳೇ ಮುಳ್ಳುತಂತಿ ಸುತ್ತಿದರು. ಅವಳು ತೂಗುಮಂಚದಲ್ಲಿ ಮಲಗಿಯೇ, ಹಲ್ಲು ಕಚ್ಚಿಕೊಂಡು, ಅವರಿಗೆ ತಂತಿ ಸುತ್ತುವ ಸರಿಯಾದ ಕ್ರಮ ಹೇಳಿಕೊಟ್ಟಳು. ಮೇಯರ್ ತಾನೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಗುಂಡಿ ಮುಚ್ಚಿದ. ಭಾವಮೈದಂದಿರು ಅದರ ಮೇಲೆ ನಿಂತು ಕುಣಿದು ಗಟ್ಟಿ ಮಾಡಿದರು. ಸಮಿತಿ ಮಾಡಿದ ಮೊದಲ ಕೆಲಸ.

ಹನ್ನೊಂದಾಯಿತು. ಪಟ್ಟೆ ಖಾಲಿ. ಖಾಲಿ ಎಂದರೆ ಪಲೋಮಾ ಬಿಟ್ಟು. ಈ ಗದ್ದಲದಲ್ಲಿ ಅವಳು ಬಂದು ತನ್ನ ಜಾಗದಲ್ಲಿ ಮಲಗಿದ್ದಳು. ಎಳೆದರು, ತಳ್ಳಿದರು, ಬಾಲ ತಿರುವಿದರು. ಅಲುಗಲಿಲ್ಲ.

ಹೊಗೆಯೊಳಗೆ ಎಲ್ಲೋ ಇಂಜಿನ್ನಿನ ಸದ್ದು ಕೇಳಿಸಿತು. ವಿಮಾನ ಕಾಣಲಿಲ್ಲ. ಸದ್ದು ನದಿಯ ಕಡೆ ಹೋಯಿತು. ಊರು ಉಸಿರು ಹಿಡಿಯಿತು. ಮೇಯರ್ ಶಿಲುಬೆ ಗುರುತು ಮಾಡಿಕೊಂಡ. ಅಬ್ಸಲೋನನಿಗೆ ಮಾತ್ರ, ಕಣ್ಣು ಮುಚ್ಚಿದರೂ, ಆ ಸದ್ದು ಹೋಗುವ ದಾರಿ ಕಾಣುತ್ತಿತ್ತು.

"ನದಿ ತಿರುವು," ಎಂದು ಗೊಣಗಿದ. "ಈಗ ಎಡಕ್ಕೆ ತಿರುಗಬೇಕು... ತಿರುಗ್ತು! ಇಟ್ಟಿಗೆಗೂಡಿನ ನೀಲಿ ತಗಡು... ತಾಳೆಮರ... ಎರ್ಲಿಂದಾ, ನಿನ್ನ ಕಂಬಳಿ! ಕೆಂಪು ಕಂಬಳಿ ಹಗ್ಗದ ಮೇಲಿದೆಯಾ?"

"ಹಗ್ಗ ನೀನು ವಾಪಸ್ ಕಟ್ಟಿದ್ರೆ ಇರ್ತಿತ್ತು!"

ಅವನು ಓಡಿದ. ಹಗ್ಗ ಕಟ್ಟಲು ಹೊತ್ತಿರಲಿಲ್ಲ. ಕಂಬಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಹಗ್ಗವಿರಬೇಕಾದ ಜಾಗದಲ್ಲಿ ತಾನೇ ಹಗ್ಗವಾಗಿ ನಿಂತ.

ಹೊಗೆ ಹರಿಯಿತು. ಸಣ್ಣ ಬಿಳಿ ವಿಮಾನ ತಾಳೆಮರದ ಪಕ್ಕದಿಂದ ಹೊರಬಂದು, ನೆಟ್ಟಗೆ ಪಟ್ಟೆಯ ಮೇಲೆ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಬಂತು. ಇಳಿಯಲಿಲ್ಲ. ಪಲೋಮಾಳ ತಲೆಯ ಮೇಲೆ ಗಾಳಿ ಬೀಸಿ ಹಾದುಹೋಯಿತು. ಪಲೋಮಾ ಎದ್ದಳು, ಬಾಲ ಬೀಸಿದಳು, ಯಾವಾಗಲೂ ನಡೆಯುವ ಹಾಗೆ ನಿಧಾನವಾಗಿ ಬೇಲಿಯ ಕಡೆ ನಡೆದಳು.

ಊರಿಗೆ ಊರೇ ಬಾಯಿ ಬಿಟ್ಟಿತು. "ಎಬ್ಬಿಸೋ ಸುತ್ತು!" ಎಂದ ಟೊರಿಬಿಯೊ. "ಅನ್ಸೆಲ್ಮೊಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ವಲ್ಲ! ಈ ಪೈಲಟ್ ಇಲ್ಲಿಗೆ ಬಂದೇ ಇಲ್ಲ, ಪಲೋಮಾ ಹೇಗೆ ಗೊತ್ತು?"

ಎರಡನೇ ಸುತ್ತಿಗೆ ವಿಮಾನ ಹುಲ್ಲಿನ ಮೇಲೆ ಹಕ್ಕಿಯಂತೆ ಕುಳಿತಿತು.

ಬಾಗಿಲು ತೆಗೆದು ಇಳಿದವಳು ಇಪ್ಪತ್ತಾರರ ಹೆಣ್ಣುಮಗಳು. ಬೆಟ್ಟದ ಮೇಲಿನ ಸೀಮೆಯವಳು, ಎರಡು ಜಡೆ. ಸುತ್ತ ನೋಡಿ ಮೊದಲು ಕೇಳಿದ್ದು: "ಇಲ್ಲಿ ಅಬ್ಸಲೋನ್ ಮೆಲ್ಗಾರ್ ಅಂದ್ರೆ ಯಾರು?"

ಇದು ಯಾವುದೋ ವಿಚಾರಣೆ ಎಂದು ಊರಿಗೆ ಖಾತ್ರಿಯಾಯಿತು. ಎಲ್ಲರೂ ಒಂದೇ ಬಾರಿಗೆ ಕೆಂಪು ಕಂಬಳಿಯ ಕಡೆ ಬೆರಳು ತೋರಿಸಿದರು. ಮೇಯರ್ ಎರಡೂ ಕೈಯಿಂದ ತೋರಿಸಿದ.

ಅವಳು ನೆಟ್ಟಗೆ ನಡೆದುಹೋಗಿ, ಕಂಬಳಿಯ ಸಮೇತ ಅವನನ್ನು ತಬ್ಬಿಕೊಂಡಳು.

"ದೋನ್ ಅಬ್ಸಲೋನ್, ನಾನು ಸುಲ್ಮಾ ಚೋಕೆ. ಎಲ್ ಆಲ್ತೊದವಳು. ನಿಮ್ಮೂರಲ್ಲಿ ನಾನು ನಾಲ್ಕುನೂರು ಸಲ ಇಳಿದಿದೀನಿ."

"ನಮ್ಮೂರಲ್ಲಾ ಮಗಳೇ?"

"ಆಟದಲ್ಲಿ. ಪಟ್ಟೆ ಬರೆದವರು ಅಂತ ಅದರಲ್ಲಿ ನಿಮ್ಮ ಹೆಸರಿದೆ. ನಿಜವಾದ ವಿಮಾನ ಹತ್ತೋಕೆ ನಮ್ಮಂಥವರಿಗೆ ಎಲ್ಲಿ ಆಗುತ್ತೆ? ನಮ್ಮ ಅತ್ತೆ ಮಗನ ಇಂಟರ್‌ನೆಟ್ ಅಂಗಡೀಲಿ ಕೂತು ಕಲಿತೆ, ಲೈಸೆನ್ಸು ಆಮೇಲೆ ಬಂತು. ಕಂಪನಿಯವರು ಸಾನ್ ಬೊರೊಮೆಯೊ ಅಂದಾಗ ಅವರ ಹತ್ರ ಒಂದು ನಕ್ಷೆ ಇರಲಿಲ್ಲ. ಅನ್ಸೆಲ್ಮೊ ತಲೇಲಿ ಇತ್ತು, ಅಷ್ಟೆ. ಆಟ ನೋಡಿ ಯಾರೂ ನಿಜವಾಗಿ ಹಾರಿಸಬಾರದು, ಅದರ ಮೇಲೇ ಹಾಗೆ ಬರೆದಿದೆ. ನಾನೂ ಕಣ್ಣಾರೆ ನೋಡದೆ ಇಳಿಯೋಳಲ್ಲ, ಪಟ್ಟೆ ಕಾಣದೆ ಇದ್ರೆ ವಾಪಸ್ ಹೋಗ್ತಿದ್ದೆ. ಆದ್ರೆ ಈ ಹೊಗೇಲಿ ಯಾವ ಕಡೆ ನೋಡಬೇಕು ಅಂತ ಕಣ್ಣಿಗೆ ಗೊತ್ತಿತ್ತಲ್ಲ! ತಾಳೆಮರ ಅಲ್ಲೇ ಇತ್ತು. ಹಸು ಕೂಡ ಅಲ್ಲೇ!"

ನಂತರ ಸುತ್ತ ನೋಡಿ ಸಣ್ಣ ದನಿಯಲ್ಲಿ ಕೇಳಿದಳು: "ಹೋದ ವಾರದವರೆಗೂ ಪಟ್ಟೆ ಆ ಕಡೆ ಇತ್ತಲ್ಲ. ಆ ಕಡೆ ಏನಿದೆ?"

"ನನ್ನ ಕಕ್ಕಸು," ಎಂದ ಅಬ್ಸಲೋನ್.

ಸುಲ್ಮಾ ಆ ಚಿಲಕವಿಲ್ಲದ ಬಾಗಿಲನ್ನು ಒಂದು ಕ್ಷಣ ನೋಡಿದಳು. ಅದರ ಹಿಂದಿನ ಮಾವಿನಮರವನ್ನೂ ನೋಡಿದಳು. "ನಲವತ್ತು ಮೀಟರ್," ಎಂದಳು. ಎರ್ಲಿಂದಾ ಅವಳ ಕೈಗೆ ಬಿಸಿ ಕುನ್ಯಪೆಯ ಪೊಟ್ಟಣ ತುರುಕಿದಳು.

ದೋನ್ಯಾ ಪೆಟ್ರೊನಾಳನ್ನು ವಿಮಾನಕ್ಕೆ ಏರಿಸುವಾಗ ಅವಳು ಅಬ್ಸಲೋನನ ಅಂಗಿ ಹಿಡಿದು ಎಳೆದಳು. ಮುಖ ಬಿಳಿಚಿತ್ತು, ನಾಲಗೆಗೆ ಏನೂ ಆಗಿರಲಿಲ್ಲ.

"ನಾನು ವಾಪಸ್ ಬರೋವರೆಗೂ ಏನೂ ಸರಿಸಬೇಡ. ಒಂದು ಕುರ್ಚಿ ಕೂಡ. ತಿಳೀತಾ?"

"ಆಯ್ತು ದೋನ್ಯಾ."

ವಿಮಾನ ಹೋಯಿತು. ದೋನ್ಯಾ ಪೆಟ್ರೊನಾಳ ಜೀವ ಉಳಿಯಿತು. ಸುಲ್ಮಾ ಕಂಪನಿಗೆ ಒಂದೇ ಮಾತು ಹೇಳಿದಳಂತೆ: ಆ ಊರು ನನಗೆ ಕೊಡಿ. ಶುಕ್ರವಾರ ಶುಕ್ರವಾರ ವಿಮಾನ ಬರುತ್ತಿದೆ.

ಎರಡು ತಿಂಗಳಿಗೆ ದೋನ್ಯಾ ಪೆಟ್ರೊನಾ ಅದೇ ವಿಮಾನದಲ್ಲಿ ಊರುಗೋಲು ಹಿಡಿದು ಇಳಿದಳು. ಮನೆಗೆ ಹೋಗಲಿಲ್ಲ. ಪಟ್ಟೆ ದಾಟಿ ನೆಟ್ಟಗೆ ಅಬ್ಸಲೋನನ ಮನೆಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತಳು.

"ತೋರ್ಸು."

ತೋರಿಸಿದ. ನದಿ, ತಾಳೆಮರ, ಕೆಂಪು ಕಂಬಳಿ. ಅವಳ ಅಪ್ಪ ಎತ್ತು ಕಟ್ಟಿ ಸಮ ಮಾಡಿದ ಪಟ್ಟೆ, ಇದ್ದ ಜಾಗದಲ್ಲೇ. ನಡುವೆ ಬಿಳಿ ಹಸು. ದೋನ್ಯಾ ಪೆಟ್ರೊನಾ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಇದನ್ನ ಯಾರ್‍ಯಾರು ನೋಡ್ತಾರೆ?"

"ಯಾರು ಬೇಕಾದ್ರೂ. ಫಿನ್ಲೆಂಡ್, ಜಪಾನ್, ಎಲ್ ಆಲ್ತೊ."

"ಹಸು ಇದೆ. ಹೆಸರೇ ಇಲ್ವಲ್ಲೋ."

"ಹೆಸರು ಬರೆಯೋ ಪದ್ಧತಿ ಇಲ್ಲ ದೋನ್ಯಾ."

"ಜಪಾನಿನವರು ಯಾರೋ ಬೀಡಾಡಿ ದನ ಅಂದ್ಕೊಳ್ಳಲ್ವಾ? ನಾಚಿಕೆ ಆಗಲ್ವಾ ನಿಂಗೆ? ಬರಿ."

ಬರೆದ. ಪಟ್ಟೆಯ ವಿವರದಲ್ಲಿ ಎಚ್ಚರಿಕೆಗಳಿಗೆಂದು ಇರುವ ಸಾಲಿನಲ್ಲಿ ಹೀಗೆ ಬರೆದ: 'ಅಡಚಣೆ: ಪಲೋಮಾ, ಬಿಳಿ ಹಸು, ದೋನ್ಯಾ ಪೆಟ್ರೊನಾ ಅವರದು. ಮೊದಲ ಸುತ್ತು ಇವಳಿಗೆ.' ಒಂದು ಪದವನ್ನೂ ಹೊರಗೆ ಬಿಡಲಿಲ್ಲ. ದೋನ್ಯಾ ಪೆಟ್ರೊನಾ ಎರಡು ಸಲ ಓದಿಸಿಕೊಂಡು ಎದ್ದಳು.

ಎದ್ದವಳು ಬಾಗಿಲಲ್ಲಿ ನಿಂತು, ಹಿಂದೆ ತಿರುಗದೆ, ಯಾರಿಗೋ ಹೇಳುವ ಹಾಗೆ ಹೇಳಿದಳು: "ನಾಳೆ ಒಂದು ಕರು ಕಳಿಸ್ತೀನಿ. ಪಲೋಮಾಳದು. ವಂದನೆ ಅಂತ ಅಂದ್ಕೋ."

ಅದೇ ಮೊದಲ ಸಲ ಅಬ್ಸಲೋನ್ ಬಾಯಿ ಮುಚ್ಚಿಕೊಂಡಿದ್ದು. ಕಾಫಿ ಡಬ್ಬಿಗೆ ಕೈ ಹಾಕಿ, ಹುಡುಕಿ, ಒಂದು ಸ್ಕ್ರೂ ತೆಗೆದು, ಅವಳ ಹಿಂದೆಯೇ ಅವಳ ಫ್ರಿಜ್ಜಿನ ಕಡೆ ನಡೆದ.

ಐನೊಳ ಉತ್ತರ ಮರುದಿನ ಬಂತು. "ಒಪ್ಪಿದ್ದೇನೆ. ಪಲೋಮಾಳಿಗೆ ನನ್ನ ವಂದನೆ ತಿಳಿಸಿ." ಅದನ್ನು ಟೊರಿಬಿಯೊ ಮೈಕಿನಲ್ಲಿ ಬ್ಯಾಂಡಿನ ಸಮೇತ ಮೂರು ಸಲ ಓದಿದ. ಕೇಳಬೇಕಾದವಳು ಆ ಹೊತ್ತಿಗೆ ಪಟ್ಟೆಯ ನಡುವೆ ಮಲಗಿದ್ದಳು. ಈಗ ಪಕ್ಕದಲ್ಲಿ ಅವಳ ಕರುವೂ ಮಲಗಿತ್ತು, ಸರಿಯಾಗಿ ನಲವತ್ತು ಮೀಟರ್ ದೂರದ ತನ್ನ ಹೊಸ ಮನೆಯಾದ ಅಬ್ಸಲೋನನ ಹಿತ್ತಿಲಿಗೆ ಬೆನ್ನು ಹಾಕಿ.